ಯುವ ಘಟಕದ ಕುರ್ಚಿಗಳು

ಅಕ್ಟೋಬರ್ ೧೮, ಶನಿವಾರ. ಈಸ್ಟ್ ಬ್ರನ್ಸ್‌ವಿಕ್

ಬೆಳಿಗ್ಗೆ ನಾನು ಕೇಳಿದ ಪ್ರಶ್ನೆ ಈಗ ನನ್ನನ್ನೇ ಕುಟುಕುತ್ತಿದೆ.

ಪಕ್ಷಗಳ ಯುವ ಘಟಕಗಳ ಕುರಿತ ನನ್ನ ಸಂಶೋಧನೆಗಾಗಿ ಕ್ವಾಬೆನಾ ಅವರನ್ನು ಕಂಡಿದ್ದೆ. ಘಾನಾದಲ್ಲಿ ಹತ್ತೊಂಬತ್ತು ವರ್ಷ ಪಕ್ಷದ ಯುವ ಘಟಕದಲ್ಲಿದ್ದವರು, ಈಗ ಇಲ್ಲೇ ಹತ್ತಿರದ ನ್ಯೂವಾರ್ಕ್‌ನಲ್ಲಿ ಬಸ್ ಓಡಿಸುತ್ತಾರೆ. ಪೋಸ್ಟರ್ ಅಂಟಿಸಿದರಂತೆ, ರ‍್ಯಾಲಿಗೆ ಜನ ಸೇರಿಸಿದರಂತೆ, ಪೊಲೀಸರ ಏಟನ್ನೂ ತಿಂದರಂತೆ. ಚುನಾವಣೆಗೆ ಟಿಕೆಟ್ ಕೇಳಿದಾಗ ಮಾತ್ರ ಹಿರಿಯರು "ನೀನಿನ್ನೂ ಹುಡುಗ" ಎಂದರಂತೆ. ಆಗ ಅವರಿಗೆ ನಲವತ್ತೆರಡು. ಟಿಕೆಟ್ ಸಿಕ್ಕಿದ್ದು ಪಕ್ಷದ ಅಧ್ಯಕ್ಷನ ಮಗನಿಗೆ. ಅವನಿಗೆ ಇಪ್ಪತ್ತೊಂಬತ್ತು!

"ನೀವು ಒಂದು ಸಲವೂ ಅವರಿಗೆ ಆಗಲ್ಲ ಅನ್ನಲಿಲ್ಲವಾ?" ಎಂದು ಕೇಳಿದೆ. ಅವರು ನಕ್ಕರು. ನೋಟ್ಸ್‌ನಲ್ಲಿ ‘ಪುಕ್ಕಲುತನ’ ಎಂದು ಬರೆದುಕೊಂಡೆ. ಎಂಥ ಪಂಡಿತೆ ನಾನು.

ಸಂಜೆ ಇಲ್ಲಿನ ಕನ್ನಡ ಸಂಘದ ಸಭೆ. ಹದಿನಾಲ್ಕು ವರ್ಷದಿಂದ ಯೂತ್ ಕಮಿಟಿಯಲ್ಲಿ ದುಡಿದಿದ್ದೇನೆ, ಈ ಸಲ ಪ್ರೆಸಿಡೆಂಟ್ ಸ್ಥಾನಕ್ಕೆ ನಿಲ್ಲುತ್ತೇನೆ ಎಂದೆ. ಹಾಲಿ ಪ್ರೆಸಿಡೆಂಟ್ ಅಶ್ವತ್ಥನಾರಾಯಣ ಅಂಕಲ್ ಮಗುವಿನ ತಲೆ ಸವರುವಂಥ ದನಿಯಲ್ಲಿ, "ನೀನಿನ್ನೂ ಯೂತ್ ಕಣಮ್ಮ. ಅದೆಲ್ಲ ನಾವು ನೋಡ್ಕೋತೀವಿ. ಹೋಗೋ ಮುಂಚೆ ಆ ಚೇರ್ಸ್ ಸ್ವಲ್ಪ ಫೋಲ್ಡ್ ಮಾಡ್ಬಿಡು" ಎಂದರು.

ನನಗೆ ನಲವತ್ತೊಂದು.

"ಆಯ್ತು ಅಂಕಲ್" ಎಂದೆ. ನಕ್ಕೆ ಕೂಡ.

ಮನೆಗೆ ಬಂದವಳೇ ‘ಪುಕ್ಕಲುತನ’ವನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಏನು ಬರೆಯಬೇಕೋ ತೋಚುತ್ತಿಲ್ಲ. ಎಪ್ಪತ್ತು ಕುರ್ಚಿ ಮಡಿಸಿದ ಕೈ ನೋಯುತ್ತಿದೆ.