ಬಾಗಿಲಾಚೆಯ ಹುಡುಗಿ

ಜನವರಿ ೬, ಸೋಮವಾರ
ಇವತ್ತೂ ಮುಖಕ್ಕೆ ಬಿಳಿ ಪೌಡರ್ ಬಳಿದುಕೊಂಡು ರಿಹರ್ಸಲ್. ಸಾಂಗ್ಲಿಯಿಂದ ಮಿರಜಿಗೆ ಬರುವ ಬಸ್ಸಿನಲ್ಲಿ ಪಕ್ಕದ ಅಜ್ಜಿ ನನ್ನನ್ನು ನೋಡಿ ಸರಿದು ಕುಳಿತರು. ಕಾಲೇಜಿನದು ದೆವ್ವದ ನಾಟಕ, ಮರಾಠಿ. ಹಾಸ್ಟೆಲ್ ರೂಮಿನಲ್ಲಿ ಮೂವರು ಹುಡುಗಿಯರು. ಸತ್ತುಹೋದ ನಾಲ್ಕನೆಯವಳು ಬಂದು ಬಾಗಿಲು ಬಡಿಯುತ್ತಾಳೆ. ಕೊನೆಯವರೆಗೂ ಒಳಗಿನವರು ತೆರೆಯುವುದಿಲ್ಲ.
ನಾಲ್ಕನೆಯವಳು ನಾನು.
ಮನೆಯಲ್ಲಿ ಹೇಳಿಲ್ಲ. ಅಕ್ಕ ಮೃಣ್ಮಯಿ ಡೆಂಗ್ಯೂನಲ್ಲಿ ಹೋದದ್ದು ಕಳೆದ ದೀಪಾವಳಿಗೆ ಮೊದಲು.

ಜನವರಿ ೯
ಬಡಿಯಲು ಆಗಲಿಲ್ಲ. ಕೈ ಎತ್ತಿ ನಿಂತುಬಿಟ್ಟೆ. ನಾಟಕ ಕಲಿಸುವ ಛಾಯಾ ಮ್ಯಾಡಮ್ ಉಳಿದವರನ್ನು ಹೊರಗೆ ಕಳಿಸಿ, ಮರಾಠಿ ಬಿಟ್ಟು ಕನ್ನಡದಲ್ಲಿ ಕೇಳಿದರು.
"ಈ ಪಾರ್ಟ್ ಬ್ಯಾರೇದವರಿಗೆ ಕೊಡ್ಲೇನು, ಮುಕ್ತಾ?"
"ಬ್ಯಾಡ್ರಿ. ಅಕೀ ಕಡೆ ಯಾರರೆ ನಿಂದರಬೇಕಲ್ರಿ."
ಯಾಕೆ ಹಾಗಂದೆ... ಗೊತ್ತಿಲ್ಲ. ಮ್ಯಾಡಮ್ ತಮ್ಮ ಚಹಾದಲ್ಲಿ ಅರ್ಧ ಕೊಟ್ಟರು.

ಜನವರಿ ೧೮, ಶನಿವಾರ
ಅವ್ವನಿಗೆ ಹೇಳಿದೆ. ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು.
"ನಾಳೆ ಸಂಜಿಕ ನಾಟಕದ ಸ್ಪರ್ಧಾ ಅದ. ನಂದು ಸತ್ತಾಕೀ ಪಾರ್ಟ್. ನೀ ಬರಬ್ಯಾಡ."
"ಬರಬ್ಯಾಡಂದ್ರ ಯಾಕ ಹೇಳಿದಿ?"
ನಾನೂ ಸೊಪ್ಪು ಬಿಡಿಸಲು ಕೂತೆ.

ಜನವರಿ ೨೦, ಬೆಳಗ್ಗೆ
ನಿನ್ನೆ ಬರೆಯಲಾಗಲಿಲ್ಲ.
ಅವ್ವ ಬಂದಿದ್ದಳು. ಎರಡನೇ ಸಾಲು. ಲೈಟ್ ಆರಿತು, ಬಾಗಿಲು ಬಡಿದೆ. ಒಳಗಿನವರು ಕಿರುಚಿದರು, ಪ್ರೇಕ್ಷಕರಲ್ಲೂ ಯಾರೋ. 'ಹೊರಗೆ ಥಂಡಿ, ಒಳಗೆ ಬಿಡಿ' — ಅದು ನನ್ನ ಮಾತು. ಎರಡನೇ ಸಲ ಹೇಳುವಾಗ ಅವ್ವ ಎದ್ದು ನಿಂತಳು. ಕೂಗಲಿಲ್ಲ. ಮನೆಯಲ್ಲಿ ಮಾತಾಡುವ ದನಿಯಲ್ಲೇ —
"ಬಾಗಲಾ ತಗೀರೆವ್ವಾ. ನನ್ನ ಮಗಳಿಗೆ ಥಂಡಿ ತಡಿಯೂದಿಲ್ಲ."
ಯಾರೂ ನಗಲಿಲ್ಲ. ಒಳಗಿದ್ದ ಮೂವರಲ್ಲಿ ಸಾಯಲಿ ಎಂಬವಳಿಗೆ ಕನ್ನಡ ತಿಳಿಯುತ್ತದೆ, ಮಾತಾಡಲು ಬಾರದು. ಸ್ಕ್ರಿಪ್ಟ್ ಬಿಟ್ಟು ಚಿಲಕ ತೆಗೆದಳು. ಕೈ ಹಿಡಿದು ಒಳಗೆ ಎಳೆದಳು. ಚಾದರ ಹೊದಿಸಿ ಪಕ್ಕದಲ್ಲೇ ಕುಳಿತಳು. ಮುಂದೆ ಸ್ಕ್ರಿಪ್ಟೇ ಇರಲಿಲ್ಲ... ಮ್ಯಾಡಮ್ ಪರದೆ ಎಳೆಸಿದರು.
ಬಹುಮಾನ ಇಲ್ಲ. ಮ್ಯಾಡಮ್ ಬೈಯಲಿಲ್ಲ, ಅವ್ವನ ಕೈ ಹಿಡಿದುಕೊಂಡು ನಿಂತರು. ಸಾಯಲಿಗೆ ಥ್ಯಾಂಕ್ಸ್ ಅನ್ನಲು ಹೋದೆ, ಅಳುವೇ ಬಂತು. ಈ ಹುಡುಗಿಯ ಋಣ ಹೇಗೆ ತೀರಿಸಲಿ? ತೀರುವುದು ಬೇಡ.

ಸಂಜೆ
ಸಾಯಲಿ ಮನೆಗೆ ಬಂದಿದ್ದಾಳೆ. ಅಡುಗೆಮನೆಯಲ್ಲಿ ಅವ್ವ ಕನ್ನಡದಲ್ಲಿ, ಅವಳು ಮರಾಠಿಯಲ್ಲಿ. ಅಕ್ಕ ಸಣ್ಣವಳಿದ್ದಾಗ ಕೃಷ್ಣಾ ಘಾಟಿನಲ್ಲಿ ಯಾರದೋ ಎಮ್ಮೆಯ ಮೇಲೆ ಹತ್ತಿ ಕೂತು ಇಳಿಯಲೊಲ್ಲೆ ಅಂದಿದ್ದಳಂತೆ — ನಾನೇ ಕೇಳಿರದ ಕಥೆ. ಅವ್ವ ನಗುತ್ತಿದ್ದಾಳೆ. ಮುಂದೇನಾಯಿತೋ, ಕೇಳಬೇಕು. ಹೊರಟೆ, ಅವ್ವ ಈಗ ನನ್ನನ್ನೂ ಕರೆಯುತ್ತಿದ್ದಾಳೆ.