ಆ ಮಾತು ಒಂಬತ್ತನೇ ನಂಬರಿನವಳಿಗೆ

ಅಂಗಡಿಯ ಹಿಂದಿನ ಕೋಣೆ,
ಭಾನುವಾರ ಮಧ್ಯಾಹ್ನ, ಮಾರ್ಚ್ ೧೬

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ದಿನವಿಡೀ ನಿಂತೇ ಇದ್ದು ಪಾದ ಊದಿಕೊಳ್ಳುತ್ತದೆ ಎಂದು ಹೋದ ವರ್ಷ ನೀನು ಬರೆದಿದ್ದೆ. ಈಗ ಕಡಿಮೆಯಾಯಿತೆ? ಅಷ್ಟು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಒಂದು ಸ್ಟೂಲು ಕೇಳಿದರೆ ಯಾರೂ ನಿನ್ನನ್ನು ಸೋಮಾರಿ ಅನ್ನುವುದಿಲ್ಲ. ಸಂಕೋಚ ಬಿಟ್ಟು ಕೇಳು. ನಾನು ಚೆನ್ನಾಗಿದ್ದೇನೆ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಗಾಜು ಉಜ್ಜುವ ಹೊಸ ಯಂತ್ರ ಬಂದಿದೆ. ಅದು ನನಗಿಂತ ಚೆನ್ನಾಗಿ ಉಜ್ಜುತ್ತದೆ, ಆದರೆ ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂರಿಸುವುದು ಅದಕ್ಕೆ ಬಾರದು. ಹಾಗಾಗಿ ಸದ್ಯಕ್ಕೆ ನನ್ನ ಅನ್ನಕ್ಕೆ ಕಲ್ಲು ಬಿದ್ದಿಲ್ಲ. ಅಮ್ಮನಿಗೆ ಬಲಭುಜದ ನೋವು. ಡಾಕ್ಟರು ಭಾರದ ಇಸ್ತ್ರಿಪೆಟ್ಟಿಗೆ ಬಿಡಿ ಅಂದರು. ಅಮ್ಮ ಡಾಕ್ಟರನ್ನೇ ಬಿಟ್ಟಳು.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಶನಿವಾರ ಬೆಳಿಗ್ಗೆ ಅಮ್ಮನ ಇಸ್ತ್ರಿ ಅಂಗಡಿಯ ಫೋನಿಗೆ ಕರೆ ಮಾಡಿ ಒಂದೂ ಮಾತಾಡದೆ ಇಟ್ಟವಳು ನೀನೆಂದು ನನಗೆ ನಿನ್ನೆಯಷ್ಟೇ ಗೊತ್ತಾಯಿತು. ನಿನ್ನ ರೂಮಿನ ಜೊತೆಗಾತಿ ನನ್ನ ಕೆಲಸದ ಜಾಗಕ್ಕೆ ಫೋನ್ ಮಾಡಿದ್ದಳು. ಅವಳ ಮೇಲೆ ಸಿಟ್ಟಾಗಬೇಡ. ನೀನು ರಜೆ ಕೇಳಿ ಪಡೆದದ್ದು, ಚೀಲಕ್ಕೆ ಬಟ್ಟೆ ತುಂಬಿದ್ದು, ಬರುತ್ತೇನೆಂದು ತಿಳಿಸಲು ಫೋನ್ ಹಚ್ಚಿದ್ದು, ಆಮೇಲೆ ಮಂಚದ ಅಂಚಿಗೆ ಕೂತು ಚೀಲದ ಬಟ್ಟೆಯನ್ನೆಲ್ಲ ಒಂದೊಂದಾಗಿ ಹೊರತೆಗೆದದ್ದು, ಎಲ್ಲ ಹೇಳಿದಳು. "ಏನಾಯ್ತೇ ಅಂತ ಕೇಳಿದ್ರೆ, ನಾನು ಬೆಂಚಲ್ಲಿ ಕೂರೋಳಂತೆ ಅಂತಾಳೆ. ಯಾವ ಬೆಂಚು ರೀ ಅದು? ನಿಮ್ಮನೇಲಿ ಕುರ್ಚಿ ಇಲ್ವಾ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಅದಾದ ಮೇಲೆ ನಿನಗೆ ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತಲಿಲ್ಲ. ಅದಕ್ಕೇ ಈ ಪತ್ರ. ಪತ್ರವನ್ನು ಓದದೆ ಹರಿಯುವವಳಲ್ಲ ನೀನು, ಅಷ್ಟು ನಂಬಿಕೆ ನನಗಿದೆ.

ಬೆಂಚಿನ ಮಾತು ಆ ಹುಡುಗಿಯರ ವಾಲಿಬಾಲ್ ತಂಡದ ಧಾರಾವಾಹಿಯದು ಅಕ್ಕಾ. ಅಲ್ಲಿಗೆ ಹೋದ ಮೇಲೆ ನೀನು ಅದನ್ನು ನೋಡುವುದೇ ಬಿಟ್ಟೆ ಎಂದು ನಿನ್ನ ಜೊತೆಗಾತಿ ಹೇಳಿದಳು. ಹಾಗಾದರೆ ಒಂಬತ್ತನೇ ನಂಬರಿನವಳು ತಂಡ ಬಿಟ್ಟು ಹೋದದ್ದು ನಿನಗೆ ಗೊತ್ತಿರಲು ಸಾಧ್ಯವಿಲ್ಲ. ಹೌದು, ನಿನ್ನ ಒಂಬತ್ತೇ. ಚೆಂಡನ್ನು ಬೇರೆಯವರಿಗೆ ಎತ್ತಿಕೊಡುವವಳು. "ಹೊಡೆಯೋಳಿಗೆ ಚಪ್ಪಾಳೆ, ಎತ್ತಿಕೊಡೋಳ ಕೈ ಯಾರಿಗೂ ಕಾಣಲ್ಲ" ಎಂದು ನೀನು ಪ್ರತಿ ಶನಿವಾರ ಯಾರ ಪರವಾಗಿ ವಾದಿಸುತ್ತಿದ್ದೆಯೋ, ಅವಳು. ಕೋಚು ಎಲ್ಲರೆದುರು ಅವಳಿಂದ ಚೆಂಡನ್ನು ಒಂದೇ ರೀತಿ ಮತ್ತೆ ಮತ್ತೆ ಎತ್ತಿಸಿದ. ಕೊನೆಗೊಂದು ದಿನ ಅವಳು ಮೊಣಕಾಲ ಪಟ್ಟಿ ಬಿಚ್ಚಿ, ಮಡಚಿ, ಅವನ ಕುರ್ಚಿಯ ಮೇಲಿಟ್ಟು ಹೊರಟುಹೋದಳು. ಈಗ ನದಿಯಾಚೆಯ ಊರಿನ ತಂಡದಲ್ಲಿದ್ದಾಳೆ. ಆ ಕಂತು ಬಂದ ಮಾರನೆಯ ದಿನ ನಮ್ಮ ಅಂಗಡಿಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನೀನು ಹೋಗಿ ಆಗ ಹೆಚ್ಚು ದಿನವಾಗಿರಲಿಲ್ಲ. ಡ್ರಿಲ್ ಮೇಷ್ಟ್ರು ಕೂಡ ನೆಟ್ಟಿನ ಎತ್ತರದ ತಕರಾರು ತೆಗೆಯದೆ ತಮ್ಮ ಇಸ್ತ್ರಿಯಾದ ಪ್ಯಾಂಟು ತೆಗೆದುಕೊಂಡು ಹೋದರು.

ಮಿಕ್ಕಂತೆ ಶನಿವಾರದ ಸಭೆ ನೀನಿದ್ದಾಗಿನಂತೆಯೇ ನಡೆಯುತ್ತಿದೆ. ಶುಕ್ರವಾರ ಸಂಜೆಯ ಕಂತನ್ನು ಎಲ್ಲರೂ ಅವರವರ ಮನೆಯಲ್ಲಿ ನೋಡುತ್ತಾರೆ, ಬೆಳಿಗ್ಗೆ ಬಟ್ಟೆ ಒಯ್ಯುವ ನೆಪದಲ್ಲಿ ಇಲ್ಲಿ ಸೇರುತ್ತಾರೆ. ಮೇಷ್ಟ್ರದು ಅದೇ ರಾಗ, "ಅದು ಗಂಡಸರ ನೆಟ್ಟು ಕಣಮ್ಮ, ಹೆಣ್ಮಕ್ಕಳಿಗೆ ಅಷ್ಟು ಎತ್ತರ ಇಲ್ಲ." ನರ್ಸಮ್ಮನಿಗೆ ಆಟವೇ ಬೇಡ. ತಂಡದ ಬಸ್ಸಿನ ಡ್ರೈವರು ಕೋಚಿನ ತಂಗಿಯನ್ನು ಮದುವೆಯಾಗುತ್ತಾನೋ ಇಲ್ಲವೋ ಎಂಬುದೊಂದೇ ಅವರ ಚಿಂತೆ. ಅವನು ಅವಳಿಗಾಗಿ ಬಸ್ಸಿನ ಮುಂದಿನ ಸೀಟು ಒರೆಸಿದ್ದು ಪ್ರೀತಿಯೋ ಡ್ಯೂಟಿಯೋ ಎಂದು ಹೋದ ತಿಂಗಳು ಒಮ್ಮೆ ಇಡೀ ಬೆಳಿಗ್ಗೆ ಚರ್ಚೆಯಾಯಿತು. ಎದುರು ಅಂಗಡಿಯ ಕ್ಷೌರಿಕ, ಕೆನ್ನೆಗೆ ನೊರೆ ಹಚ್ಚಿಸಿಕೊಂಡ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದು, "ಒರೆಸೋದ್ರಲ್ಲಿ ಪ್ರೀತಿ ಇದ್ರೆ ನಾನು ಈ ಊರನ್ನೆಲ್ಲ ಪ್ರೀತಿಸಿದ ಹಾಗಾಯ್ತು ನರ್ಸಮ್ಮ" ಅಂದ. ಅಮ್ಮ ನಕ್ಕಳು. ಆದರೆ ಕೋಚನ್ನು ಯಾರಾದರೂ ಅಂದರೆ ಮಾತ್ರ ಇವತ್ತಿಗೂ ಅವಳಿಗೆ ತಡೆಯದು. ನೀನಿದ್ದಾಗ ಇಸ್ತ್ರಿ ಮೇಜಿನ ಆ ಬದಿಯಲ್ಲಿ ನೀನು, ಈ ಬದಿಯಲ್ಲಿ ಅವಳು. "ಕಲಿಸೋನಿಗೆ ನೋವಾಗಲ್ವಾ?" ಎಂದು ಅವಳು, "ನೋವಾದ್ರೆ ಹೇಳ್ಲಿ, ಬಾಯಿಲ್ವಾ ಅವನಿಗೆ?" ಎಂದು ನೀನು. ಕೇಳುವವರಿಗೆ ಯಾರು ಗೆದ್ದರೆಂದು ಒಮ್ಮೆಯೂ ಗೊತ್ತಾಗುತ್ತಿರಲಿಲ್ಲ, ಬಟ್ಟೆ ಮಾತ್ರ ಬೇಗ ಮುಗಿಯುತ್ತಿತ್ತು.

ಹೋದ ವಾರದ ಕಂತಿನಲ್ಲಿ ಒಂಬತ್ತು ಹಳೆಯ ಊರಿಗೆ ಬಂದಿದ್ದಳು. ಮೈದಾನದ ಗೇಟಿನ ಹೊರಗೆ ನಿಂತು ಕಂಬಿ ಹಿಡಿದು ಅಭ್ಯಾಸ ನೋಡಿದಳು. ಕೋಚು ಅವಳನ್ನು ಕಂಡ. ಕಂಡೂ ಬಾ ಅನ್ನಲಿಲ್ಲ. ಸೀಟಿ ಊದಿ ಹುಡುಗಿಯರನ್ನು ಇನ್ನೊಂದು ಸುತ್ತು ಓಡಿಸಿದ. ಇಷ್ಟೇ. ಶನಿವಾರ ನರ್ಸಮ್ಮ ಬಾಗಿಲಲ್ಲೇ ಶುರುಮಾಡಿದರು, "ಬಾ ಅಂದಿದ್ರೆ ಅವನ ಗಂಟೇನು ಹೋಗ್ತಿತ್ತು?" ಕ್ಷೌರಿಕ, "ಅವಳೇ ಗೇಟು ತಳ್ಳಿ ಒಳಗೆ ಬರಬಹುದಿತ್ತು, ಬೀಗ ಇರಲಿಲ್ಲ, ನಾನು ನೋಡ್ದೆ" ಎಂದ. ಮೇಷ್ಟ್ರು, ತಂಡ ಬಿಟ್ಟವಳನ್ನು ಅದೇ ಋತುವಿನಲ್ಲಿ ಮತ್ತೆ ಸೇರಿಸಿಕೊಳ್ಳಲು ನಿಯಮವೇ ಇಲ್ಲವೆಂದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾಗ ಫೋನು ಬಡಿದುಕೊಂಡಿತು. ಅಮ್ಮ ಎಡಗೈಯಲ್ಲಿ ಎತ್ತಿದಳು, ಬಲಗೈಯಲ್ಲಿ ಪೆಟ್ಟಿಗೆ. ಪೆಟ್ಟಿಗೆಯನ್ನು ಬಟ್ಟೆಯಿಂದ ಎತ್ತಿ ನಿಲ್ಲಿಸಿದಳು. ಆಮೇಲೆ, ಫೋನು ಬಾಯಿಯ ಹತ್ತಿರ ಇರುವಾಗಲೇ, ಗಟ್ಟಿಯಾಗಿ ಹೇಳಿದಳು, "ಬಿಟ್ಟು ಹೋದೋಳು ಬಂದ ತಕ್ಷಣ ಆಟಕ್ಕೆ ಇಳಿಸ್ಬಿಡ್ತಾರಾ? ಬೆಂಚಲ್ಲಿ ಕೂರ್ಲಿ. ಕೂತ್ಕೊಂಡು ನೋಡ್ಲಿ, ಅವಳಿಲ್ದಿದ್ರೂ ಆಟ ನಡೆಯತ್ತೆ ಅಂತ." ಅನಂತರ ಹಲೋ ಹಲೋ ಎಂದು ಫೋನು ಇಟ್ಟಳು. "ಯಾರು?" ಎಂದೆ. "ಯಾರೋ. ಮಾತಾಡಲ್ಲ" ಎಂದಳು.

ಅಲ್ಲಿ ನಡೆದದ್ದು ಇಷ್ಟು. ನಾನು ಬಾಗಿಲ ಬಳಿ ಗುಂಡಿ ಹೊಲಿಯುತ್ತ ಕೂತಿದ್ದೆ, ಒಂದು ಅಕ್ಷರ ಸೇರಿಸಿಲ್ಲ, ಬಿಟ್ಟಿಲ್ಲ. ಆ ಮಾತು ಒಂಬತ್ತನೇ ನಂಬರಿನವಳಿಗೆ ಹೇಳಿದ್ದು. ಇಲ್ಲಿಗೇ ಪತ್ರ ಮುಗಿಸಿದ್ದರೆ ನಿನಗೂ ನನಗೂ ಸುಲಭವಾಗುತ್ತಿತ್ತು. ಆದರೆ ನೀನು ನನ್ನನ್ನು ಬಲ್ಲೆ. ದೂರದ ಚಳಿದೇಶಗಳ ಕಾದಂಬರಿಗಳನ್ನು ಅನುವಾದದಲ್ಲಿ ಓದಿ ಓದಿ, ಯಾರು ಯಾವ ಸಾಲನ್ನು ಯಾರಿಗೆ ಹೇಳಿದರು ಎಂದು ಮತ್ತೆ ಹಿಂದಿನ ಪುಟಕ್ಕೆ ಹೋಗಿ ನೋಡುವ ಚಾಳಿ ನನಗೆ ಅಂಟಿದೆ. ಅವಳಿಲ್ಲದಿದ್ದರೂ ಆಟ ನಡೆಯುತ್ತದೆ ಅಂದಳಲ್ಲ, ಧಾರಾವಾಹಿಯ ಮಟ್ಟಿಗೆ ಅದು ನಿಜವಲ್ಲ. ಒಂಬತ್ತು ಹೋದಂದಿನಿಂದ ಆ ತಂಡ ಒಂದು ಪಂದ್ಯವನ್ನೂ ಗೆದ್ದಿಲ್ಲ. ಅಮ್ಮನಿಗೆ ಅದು ಗೊತ್ತು, ಪ್ರತಿ ಸೋಲಿಗೂ ಕೋಚಿನ ಪರವಾಗಿ ಹೊಸ ನೆಪ ಹುಡುಕುವವಳು ಅವಳೇ. ನಮ್ಮ ಅಂಗಡಿಯಲ್ಲೂ ಆಟ ನಡೆಯುತ್ತಿಲ್ಲ. ಮದುವೆ ಮಂಟಪದವರ ಮೇಜುಬಟ್ಟೆಯ ಕೆಲಸ ಕೈತಪ್ಪಿತು. ನೆರಿಗೆ ಇರುವ ಲಂಗವನ್ನು ಅಮ್ಮ ಈಗ ಒಪ್ಪಿಕೊಳ್ಳುವುದೇ ಇಲ್ಲ, "ನೆರಿಗೆ ಮಾಡೋರಿಲ್ಲ" ಎಂದು ವಾಪಸು ಕಳಿಸುತ್ತಾಳೆ. ಯಾರು ಮಾಡುತ್ತಿದ್ದರು ಎಂದು ಹೊಸ ಗಿರಾಕಿಗಳು ಕೇಳುತ್ತಾರೆ. ಹಳಬರು ಕೇಳುವುದಿಲ್ಲ.

ಆದ್ದರಿಂದ ಆ ಮಾತಿನಲ್ಲಿ ನಿನ್ನ ಪಾಲು ಒಂದಿಷ್ಟೂ ಇರಲಿಲ್ಲ ಎಂದು ನಾನು ಆಣೆ ಮಾಡಲಾರೆ. ನಮ್ಮ ಮನೆಯಲ್ಲಿ ಯಾರ ಮಾತು ತಾನೇ ನೇರವಾಗಿ ಬಂದು ತಲುಪಿದೆ ಹೇಳು. ನೀನು ಇಸ್ತ್ರಿ ಮಾಡಿದ ಕಾಲರನ್ನು ಗಿರಾಕಿಗಳೆದುರೇ ಅಮ್ಮ ಇನ್ನೊಮ್ಮೆ ಒತ್ತುತ್ತಿದ್ದಳು. ಅದರಲ್ಲಿ ಸುಕ್ಕು ಇರುತ್ತಿರಲಿಲ್ಲ. ಅವಳಿಗೂ ಗೊತ್ತಿತ್ತು, ಅಭ್ಯಾಸ. ಅದು ಬೇಡ ಎಂದು ನೀನೂ ಬಾಯಿಬಿಟ್ಟು ಹೇಳಲಿಲ್ಲ, ಕೋಚು ಒಂಬತ್ತನ್ನು ಹಿಂಸಿಸುತ್ತಾನೆ ಎಂದೇ ಹೇಳುತ್ತ ಬಂದೆ. ಹೋಟೆಲಿನ ಕೆಲಸ ಸಿಕ್ಕಿದೆ ಎಂದಾಗ ಅಮ್ಮ, "ಹೋಗು, ಶನಿವಾರದ ಬಟ್ಟೆ ಮುಗಿಸಿ ಹೋಗು" ಅಂದಳು. ನೀನು ಕೊನೆಯ ದಿಂಬಿನ ಚೀಲದವರೆಗೆ ಎಲ್ಲ ಮುಗಿಸಿ, ಪೆಟ್ಟಿಗೆ ಆರಲು ಇಟ್ಟು, ಹೋದೆ. ಆ ಸಂಜೆ ಅಮ್ಮ ನನ್ನೊಂದಿಗೆ ಬಹಳ ಹೊತ್ತು ಮಾತಾಡಿದಳು. ಪೂರ್ತಿ ಡ್ರೈವರಿನ ವಿಷಯ. ಅವನು ಆ ಬಡ ಸಂಬಳದಲ್ಲಿ ಮದುವೆಯಾಗಿ ಏನು ಮಾಡುತ್ತಾನೆ, ಎಲ್ಲಿರುತ್ತಾನೆ, ಯಾರು ಅಡುಗೆ ಮಾಡಿಕೊಡುತ್ತಾರೆ, ಚಳಿಗೆ ಹೊದಿಕೆ ಇದೆಯೋ ಇಲ್ಲವೋ. ನಾನು ತಲೆಯಾಡಿಸುತ್ತ ಕೇಳಿದೆ. ಡ್ರೈವರಿಗೆ ಏನೂ ಆಗಲ್ಲಮ್ಮ, ಅವನು ಗಟ್ಟಿಗ ಎಂದೆ. ನಾವು ಮೂವರೂ ಚೆನ್ನಾಗಿಯೇ ಮಾತಾಡುವವರು, ಆದರೆ ಪರದೆಯ ಮೇಲಿನವರನ್ನು ಬಿಟ್ಟು ಬೇರೆ ಯಾರ ಬಗ್ಗೆಯೂ ಅಲ್ಲ. ನೀನು ಮನಸ್ಸು ಗಟ್ಟಿ ಮಾಡಿಕೊಂಡು ಹೊರಟಿದ್ದೆ, ಫೋನಿನಲ್ಲಿ ಒಂದು ಮಾತು ತಪ್ಪಾಗಿ ಬಂದು ತಲುಪಿತು, ಅಷ್ಟಕ್ಕೇ ಚೀಲ ಖಾಲಿಯಾಯಿತು.

ಅಮ್ಮನಿಗೆ ನಾನು ಇನ್ನೂ ಏನೂ ಹೇಳಿಲ್ಲ. ಹೇಳಿದರೆ ಅವಳು ಕುಸಿಯುತ್ತಾಳೋ, ಇಲ್ಲ ನಿನ್ನನ್ನೇ ಬೈಯುತ್ತಾಳೋ ನನಗೆ ತಿಳಿಯದು. ನಿನ್ನ ರಜೆ ಬರುವ ಭಾನುವಾರದವರೆಗೆ ಇದೆಯಂತೆ. ಬಾ ಅಕ್ಕಾ. ಅಂಗಡಿಗೆ ಬರಲು ಮನಸ್ಸಿಲ್ಲದಿದ್ದರೆ ಬಸ್ ನಿಲ್ದಾಣಕ್ಕೆ ಬಾ, ನಾನು ಅಲ್ಲಿಗೆ ಬರುತ್ತೇನೆ, ಅಲ್ಲಿಯೇ ಚಹಾ ಕುಡಿದು ಯೋಚಿಸೋಣ. ಅದೂ ಬೇಡವಾದರೆ ನನ್ನ ಫೋನನ್ನಾದರೂ ಎತ್ತು.

ನರ್ಸಮ್ಮ ನಿನ್ನನ್ನು ಕೇಳಿದೆನೆಂದು ತಿಳಿಸಲು ಹೇಳಿದರು. ಮೇಷ್ಟ್ರಿಗೆ ಹೊಸ ಕನ್ನಡಕ ನಾನೇ ಮಾಡಿಕೊಟ್ಟೆ, ಈಗ ನೆಟ್ಟು ಇನ್ನೂ ಎತ್ತರ ಕಾಣುತ್ತದಂತೆ. ನಿನ್ನ ಜೊತೆಗಾತಿಗೆ ನನ್ನ ಕೃತಜ್ಞತೆ ಹೇಳು, ನಮ್ಮ ಮನೆಯಲ್ಲಿ ಕುರ್ಚಿಗಳಿವೆ ಎಂದೂ ಹೇಳು. ಕಾಲಿನ ಕಡೆ ಗಮನ ಕೊಡು.

ಯಾವತ್ತಿಗೂ ನಿನ್ನ ತಮ್ಮ,
ಗೂಬೆ

ತಾ.ಕ.: ಸೋಮವಾರ ಬೆಳಿಗ್ಗೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು. ಲಕೋಟೆಗೆ ಅಂಟು ಹಚ್ಚುವಾಗ ಅಮ್ಮ ಬಂದು ಯಾರಿಗೆ ಎಂದಳು. ತಡೆಯಲಾಗದೆ ಹೇಳಿಬಿಟ್ಟೆ, ಆ ಫೋನು ನಿನ್ನದೆಂದು. ಅವಳಿಗೆ ಗೊತ್ತಿತ್ತು ಅಕ್ಕಾ. ಎತ್ತಿದ ಕೂಡಲೇ ಗೊತ್ತಾಯಿತಂತೆ. "ತಾನೇ ಫೋನ್ ಮಾಡಿ ಹಲೋ ಅನ್ನದೆ ನಿಲ್ಲೋಳು ಲೋಕದಲ್ಲಿ ಅವಳೊಬ್ಬಳೇ" ಎಂದಳು. ಮತ್ತೆ ಹಾಗ್ಯಾಕೆ ಅಂದೆ ಎಂದು ನಾನು ಬಹುಶಃ ಕೂಗಿದೆ. "ಇನ್ನೇನು ಅನ್ಲಿ? ಹೇಗಿದ್ದೀ ಮಗಳೇ ಅಂದ್ರೆ ನಾನು ಅಲ್ಲೇ ಅತ್ತುಬಿಡ್ತಿದ್ದೆ, ಅಂಗಡಿ ತುಂಬ ಜನ. ಒಂಬತ್ತನ್ನ ಬೈದ್ರೆ ಅವಳು ಸುಮ್ನಿರ್ತಾಳಾ, ಜಗಳಕ್ಕೆ ಬಂದೇ ಬರ್ತಾಳೆ, ಹಾಗೇ ಮಾತು ಶುರುವಾಗತ್ತೆ ಅಂದ್ಕೊಂಡೆ." ನೀನು ಧಾರಾವಾಹಿ ಬಿಟ್ಟು ಬಹಳ ಕಾಲವಾಯಿತು ಎಂದು ಆಗ ಹೇಳಬೇಕಾಯಿತು. "ನೋಡೋದೇ ಇಲ್ವಾ?" ಎಂದಳು. ಇಲ್ಲ ಎಂದೆ. ಮತ್ತೆ ಕೇಳಿದಳು. ಮೇಜಿಗೆ ಒರಗಿ ನಿಂತು, "ಹಾಗಾದ್ರೆ ಇಷ್ಟು ದಿನ ಪ್ರತಿ ಶನಿವಾರ ನಾನು ಯಾರ ಜೊತೆ ಜಗಳ ಆಡ್ತಿದ್ದೆ?" ಎಂದಳು. ಅದಕ್ಕೆ ಉತ್ತರ ನೀನೇ ಬಂದು ಹೇಳು.