ಎಡಕ್ಕೆ ಎಳೆಯುವ ಕುರ್ಚಿ

ಫೆಬ್ರವರಿ 6

ಮತ್ತೆ ಅದೇ ಕಂಪ್ಲೇಂಟು. ಅಕ್ಕನ ವೀಲ್‌ಚೇರ್ ಎಡಕ್ಕೆ ಎಳೆಯುತ್ತಿದೆ. ಬೆಳಿಗ್ಗೆ ಬಾಗಿಲ ಚೌಕಟ್ಟಿಗೆ ಗುದ್ದಿಕೊಂಡಳು. ಮೊಣಕಾಲು ತರಚಿದೆ. ದಿನವಿಡೀ ಅಂಗಡಿಯಲ್ಲಿ ಕಂಡವರ ಟ್ರೆಡ್‌ಮಿಲ್ಲು, ಬ್ಯಾಟರಿ ಸ್ಕೂಟರುಗಳ ಕಂಟ್ರೋಲರ್ ರಿಪೇರಿ ಮಾಡುತ್ತೇನೆ. ಮನೆಯ ಕುರ್ಚಿ ಮಾತ್ರ ಕೈಗೆ ಬಗ್ಗುತ್ತಿಲ್ಲ. ಸೀಟಿನ ಕೆಳಗಿರುವ ಕಂಟ್ರೋಲರ್‌ಗೆ ಅಕ್ಕ ಡಬ್ಬ ಎನ್ನುತ್ತಾಳೆ. ಡಬ್ಬಕ್ಕೆ ತಲೆ ಕೆಟ್ಟಿದೆಯಂತೆ.

ಫೆಬ್ರವರಿ 8

ಎಡದ ಮೋಟರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡಿದೆ. ಆದರೂ ಎಡಕ್ಕೇ. ಮೋಟರಿನ ತಪ್ಪಲ್ಲ ಹಾಗಾದರೆ. ಕಾರ್ಬನ್ ಬ್ರಶ್ ಸವೆದಿಲ್ಲ. ಕನೆಕ್ಟರ್ ಎಲ್ಲ ಉಜ್ಜಿದೆ. ಬ್ಯಾಟರಿ ಗಟ್ಟಿಯಾಗಿದೆ.

ಫೆಬ್ರವರಿ 11

ಕಂಟ್ರೋಲರ್ ಹೊಸದು. ಕೈಯಿಂದ ಒತ್ತಿ ಓಡಿಸುವ ಜಾಯ್‌ಸ್ಟಿಕ್ಕೂ ಹೊಸದು. ಎಡಕ್ಕೇ.

ಫೆಬ್ರವರಿ 12

ಮಧ್ಯಾಹ್ನ ಅಕ್ಕ ಮಲಗಿದ್ದಾಗ ನಾನೇ ಕುರ್ಚಿಯಲ್ಲಿ ಕೂತು ಅಂಗಳದಲ್ಲಿ ಓಡಿಸಿದೆ. ಗೆರೆ ಎಳೆದ ಹಾಗೆ ನೇರ ಹೋಯಿತು. ಇನ್ನೊಮ್ಮೆ. ನೇರ.

ಕುರ್ಚಿಯನ್ನು ಒಳಗೆ ತಂದು ಮಂಚದ ಪಕ್ಕ ನಿಲ್ಲಿಸಿದೆ.

ಕೆಟ್ಟಿರುವುದು ಕೈ. ಅಮ್ಮ ಹೋದ ಮೇಲೆ ನನಗೆ ತುತ್ತಿಟ್ಟ ಕೈ. ಕಾಲು ತಿಂದ ಕಾಯಿಲೆ ಮೇಲಕ್ಕೆ ಹತ್ತಿದೆ. ಹತ್ತುತ್ತದೆ ಎಂದು ಡಾಕ್ಟರ್ ಹೇಳಿದ್ದರು. ಇಷ್ಟು ಬೇಗ ಎಂದಿರಲಿಲ್ಲ...

ಸಂಜೆ ಏನು ಸಿಕ್ಕಿತು ಎಂದು ಕೇಳಿದಳು. ಸೆಟ್ಟಿಂಗ್ ಹಾಳಾಗಿದೆ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು.

ಫೆಬ್ರವರಿ 14

ಕೈ ಎಡಕ್ಕೆ ಜಾರುತ್ತದೆ. ಆದ್ದರಿಂದ ಕುರ್ಚಿ ಬಲಕ್ಕೆ ತುಸು ವಾಲುವ ಹಾಗೆ, ಸಣ್ಣ ಒತ್ತಡಕ್ಕೂ ಓಡುವ ಹಾಗೆ ಪ್ರೋಗ್ರಾಮ್ ಮಾಡಿದೆ. ಅಡುಗೆಮನೆವರೆಗೆ ನೇರ ಹೋಗಿ, ಹಾಲು ಉಕ್ಕಿಸಿದ್ದಕ್ಕೆ ನನ್ನನ್ನು ಬೈದು ಬಂದಳು.

ಮಾರ್ಚ್ 20

ಮತ್ತೆ ಎಡಕ್ಕೆ. ಮತ್ತೆ ಸೆಟ್ಟಿಂಗ್. ವಾರ ತಡೆಯುವುದಿಲ್ಲ ಈಗ.

ಏಪ್ರಿಲ್ 17

ಸೆಟ್ಟಿಂಗ್ ಕೊನೆ ಮುಟ್ಟಿದೆ. ಇನ್ನು ತಿರುಗಿಸಲು ಏನೂ ಉಳಿದಿಲ್ಲ. ಆದರೂ ಸ್ಕ್ರೂಡ್ರೈವರ್ ಹಿಡಿದು ಕುರ್ಚಿಯ ಪಕ್ಕ ನೆಲದ ಮೇಲೆ ಮಲಗಿದ್ದೆ, ಕೆಲಸ ಮಾಡುವವನ ಹಾಗೆ. ಮಂಚದಿಂದ ಅಕ್ಕನ ದನಿ.

"ಸಾಕು, ಎದ್ದು ಬಾರೋ. ನೆಲ ತಣ್ಣಗಿದೆ."

ಎದ್ದೆ.

"ಅವತ್ತು ನೀನು ಅಂಗಳದಲ್ಲಿ ಓಡಿಸಿದ್ದು ಮಲಗಿದ್ದಲ್ಲಿಂದ್ಲೇ ಕಿಟಕಿಯಲ್ಲಿ ನೋಡ್ದೆ. ಎಷ್ಟು ನೇರ ಹೋಯ್ತು ನೋಡು."

ಯಾಕೆ ಹೇಳಲಿಲ್ಲ ಎಂದೆ.

"ನೀನು ರಿಪೇರಿ ಮಾಡ್ತಾ ಇದ್ರೆ... ನಂಗೂ ರಿಪೇರಿ ಆಗೋದೇ ಅನ್ನಿಸ್ತಿತ್ತು ಕಣೋ."

ಇಬ್ಬರೂ ಅಳಲಿಲ್ಲ. ಗದ್ದದಿಂದ ಓಡಿಸುವ ಹಾಗೆ ಮಾಡಲು ಆಗುತ್ತದೆಯೇ ಎಂದು ಕೇಳಿದಳು.

ಏಪ್ರಿಲ್ 29

ಬಗ್ಗಿಸಿದ ಪೈಪಿನ ತುದಿಗೆ ಜಾಯ್‌ಸ್ಟಿಕ್ ಕೂರಿಸಿದೆ. ಗದ್ದದಿಂದ ಒತ್ತಿದರೆ ಮುಂದೆ. ಕಲಿಯಲು ಅರ್ಧ ದಿನ ಹಿಡಿಯಿತು. ಹುಟ್ಟಿದಾಗಿನಿಂದ ಯಾರ ಮಾತಿಗೂ ತಲೆ ಆಡಿಸಿದವಳಲ್ಲ, ಈಗ ನಿನ್ನ ಡಬ್ಬಕ್ಕೆ ಆಡಿಸಬೇಕಾಯಿತು ಎಂದಳು. ನಕ್ಕೆವು. ನಕ್ಕು ಅವಳಿಗೆ ಕೆಮ್ಮು ಹತ್ತಿತು. ಬಹಳ ಹೊತ್ತು ನಿಲ್ಲಲಿಲ್ಲ.

ಜೂನ್ 2

ಕುತ್ತಿಗೆಯೂ ಸೋಲುತ್ತಿದೆ. ನೀರು ನೆತ್ತಿಗೇರುತ್ತದೆ. ಉಸಿರು ಗಿಡ್ಡ. ವೇಗವನ್ನು ಆಮೆ ನಡಿಗೆಗೆ ಇಳಿಸಿದ್ದೇನೆ. ಇನ್ನು ಮಂಚದಲ್ಲೇ ಇರು ಎಂದೆ. ಮಲಗೋದು ಇದ್ದೇ ಇದೆ, ಇನ್ನಷ್ಟು ದಿನ ಓಡಾಡ್ತೀನಿ ಬಿಡು ಎಂದಳು. ಹಟ ಮಾಡಲಿಲ್ಲ ನಾನು.

ಜೂನ್ 19, ಬೆಳಿಗ್ಗೆ

ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು. ಗಂಜಿಯೂ ನಾಲ್ಕು ಚಮಚ ಹೋಯಿತು. ಕೂರಿಸು ಎಂದಳು, ಕೂರಿಸಿದೆ. ಮುಂದಿನ ಕೋಣೆಯ ಕಿಟಕಿ ಹತ್ತಿರ ಬಿಸಿಲಿಗೆ ಹೋಗುತ್ತೇನೆ ಎಂದು ತಾನೇ ಓಡಿಸಿಕೊಂಡು ಹೋದಳು. ಅಂಗಡಿಗೆ ರಜೆ ಹೇಳಿದ್ದೇನೆ. ಮಧ್ಯಾಹ್ನ ಡಾಕ್ಟರ್ ಬಂದಾಗ ಕುತ್ತಿಗೆಗೆ ಪಟ್ಟಿ ಹಾಕುವ ಬಗ್ಗೆ ಕೇಳ —

ಆ ಕೋಣೆಯಿಂದ ಬೀಪ್. ಚಕ್ರ ಗೋಡೆಗೆ ತಾಗಿ ನಿಂತ ಮೇಲೂ ಜಾಯ್‌ಸ್ಟಿಕ್ ಒತ್ತಿಕೊಂಡೇ ಇದ್ದರೆ ಕಂಟ್ರೋಲರ್ ಹಾಗೆ ಹೊಡೆದುಕೊಳ್ಳುತ್ತದೆ. ಗದ್ದ ಎತ್ತು, ನಿಲ್ಲುತ್ತದೆ ಎಂದು ಇಲ್ಲಿಂದಲೇ ಕೂಗಿದೆ.

ನಿಲ್ಲುತ್ತಿಲ್ಲ. ಅಕ್ಕ ಮಾತಾಡುತ್ತಿಲ್ಲ. ಹೋಗಿ —